ರೋಮಿನ ಕ್ವಾರಿಯಲ್ಲೊಂದು ಪ್ರಳಯ

ಕೆಲವರಿಗೆ ಹಳೇ ನಾಣ್ಯದ ಹುಚ್ಚು, ಕೆಲವರಿಗೆ ತಾರಸಿ ಮೇಲೆ ತರಕಾರಿ ಬೆಳೆಯೋ ಹುಚ್ಚು. ನನ್ನದು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸ್ವಲ್ಪ ಮುಜುಗರ ಆಗುವಂಥದ್ದು. 1970 ಮತ್ತು 80ರ ದಶಕದಲ್ಲಿ ಇಟಲಿಯವರು ಚಿಲ್ಲರೆ ಕಾಸಿನಲ್ಲಿ ತೆಗೆದ ಫೈಟಿಂಗ್ ಸಿನಿಮಾಗಳನ್ನು ಹುಡುಕಿ ಹುಡುಕಿ ತಂದು ಮನೆಯಲ್ಲಿ ಕೂತು ನೋಡೋದು. ಯಾರೂ ಹೆಸರು ಕೇಳಿರದ ಸಿನಿಮಾಗಳು. ವಾರವೆಲ್ಲ ಆಫೀಸಿನ ಕೆಲಸ ಮುಗಿಸಿ ಶುಕ್ರವಾರ ರಾತ್ರಿ ನಾನು ಡಿಸ್ಕ್ ಹಾಕಿದ ಕೂಡಲೇ ನನ್ನ ಹೆಂಡತಿ ಕೇಳೋ ಪ್ರಶ್ನೆ ಒಂದೇ: "ಅಲ್ಲ ಕಣೋ, ಪ್ರಪಂಚದಲ್ಲಿ ಒಳ್ಳೇ ಸಿನಿಮಾ ಎಲ್ಲ ಖಾಲಿ ಆಗೋಯ್ತಾ?"

ನ್ಯಾಯವಾದ ಪ್ರಶ್ನೆಯೇ. ಒಂದು ಉದಾಹರಣೆ ಹೇಳ್ತೀನಿ, ನೀವೇ ನೋಡಿ. ಎಂಜೊ ಕಾಸ್ಟೆಲ್ಲಾರಿ ಎಂಬ ನಿರ್ದೇಶಕರ 'ದಿ ನ್ಯೂ ಬಾರ್ಬೇರಿಯನ್ಸ್' ಬಂದದ್ದು 1983ರಲ್ಲಿ. ಕಥೆ ನಡೆಯೋದು 2019ರಲ್ಲಿ. ಅಣುಬಾಂಬ್ ಯುದ್ಧ ಮುಗಿದು ಪ್ರಪಂಚ ಹಾಳಾಗಿದೆ. ಬದುಕಿ ಉಳಿದವರನ್ನು ಬಿಳಿ ಬಟ್ಟೆಯ ಒಂದು ಗ್ಯಾಂಗ್ ಬೇಟೆಯಾಡುತ್ತಿದೆ. ನಾಯಕನ ಕಾರಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್‌ನ ದೊಡ್ಡ ಬುರುಡೆ ಕೂರಿಸಿದ್ದಾರೆ. ಅವನ ಗೆಳೆಯ ಬಾಂಬ್ ಕಟ್ಟಿದ ಬಾಣ ಬಿಡ್ತಾನೆ. ಪ್ರಳಯವಾದ ಈ ಇಡೀ ಭೂಮಂಡಲ ಅಸಲಿಗೆ ರೋಮ್ ನಗರದ ಹೊರವಲಯದ ಕ್ವಾರಿ. ಅದೇ ಗುಡ್ಡ, ಅದೇ ತಿರುವು, ಕಾರುಗಳು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ. ನಾವು ನಿಜವಾದ 2019ನ್ನು ದಾಟಿ ಬಂದಿದ್ದೇವೆ. ಆ ವರ್ಷ ಬೆಂಗಳೂರಿನ ಟ್ರಾಫಿಕ್ ನೋಡಿದವರಿಗೆ ಸಿನಿಮಾದ ಖಾಲಿ ರಸ್ತೆಗಳು ಸುಖವಾಗಿಯೇ ಕಾಣಬಹುದು.

ಇಂಥವು ಒಂದೆರಡಲ್ಲ, ರಾಶಿ ರಾಶಿ ಬಂದವು. ಅದಕ್ಕೆ ಕಾರಣ ಅಲ್ಲಿನ ಸಿನಿಮಾ ವ್ಯಾಪಾರದ ಒಂದು ಪದ್ಧತಿ. ಇಟಲಿಯವರು ಅದನ್ನು 'ಫಿಲೋನೆ' ಅಂತಾರೆ. ಗಣಿಯಲ್ಲಿ ಸಿಗುವ ಅದಿರಿನ ಎಳೆಗೆ ಇರುವ ಪದ ಅದು. ಒಂದು ಸಿನಿಮಾ ಓಡಿತು ಅಂದರೆ ಆ ಎಳೆ ಹಿಡಿದು ಎಲ್ಲರೂ ಅಗೆಯೋದು, ಬರಿದಾದ ಮೇಲೆ ಮುಂದಿನ ಎಳೆಗೆ ಹೋಗೋದು. 1958ರಲ್ಲಿ ಸ್ಟೀವ್ ರೀವ್ಸ್ ಅಭಿನಯದ ಹರ್ಕ್ಯುಲಿಸ್ ಸಿನಿಮಾ ಓಡಿತು, ಸಾಲು ಸಾಲು ಪೈಲ್ವಾನರ ಸಿನಿಮಾ ಬಂದವು. 1964ರಲ್ಲಿ ಸೆರ್ಜಿಯೊ ಲಿಯೋನೆ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಮಾಡಿದರು, ಕುದುರೆ ಮತ್ತು ಟೋಪಿಯವರ ಕಾಲ ಶುರುವಾಯಿತು. ಬಾಂಡ್ ಗೆದ್ದಾಗ ಗೂಢಚಾರರು ಬಂದರು. ಶಾನ್ ಕಾನರಿ ಸಿಗಲಿಲ್ಲ ಅಂತ ಅವರ ಸ್ವಂತ ತಮ್ಮ ನೀಲ್ ಕಾನರಿಯನ್ನೇ ಹಾಕಿಕೊಂಡು 1967ರಲ್ಲಿ 'ಓಕೆ ಕಾನರಿ' ಅಂತ ತೆಗೆದೇಬಿಟ್ಟರು! (ಅದರ ಮರುವರ್ಷವೇ ನಮ್ಮಲ್ಲಿ 'ಜೇಡರ ಬಲೆ' ಬಂತು ಅನ್ನೋದು ನೆನಪಾದಾಗ ನನಗೆ ಆ ಇಟಲಿಯವರು ದೂರದವರು ಅನ್ನಿಸೋದಿಲ್ಲ.) 70ರ ದಶಕದಲ್ಲಿ ಪೊಲೀಸ್ ಸಿನಿಮಾಗಳು. 'ಮ್ಯಾಡ್ ಮ್ಯಾಕ್ಸ್ 2' ಮತ್ತು 'ಎಸ್ಕೇಪ್ ಫ್ರಮ್ ನ್ಯೂಯಾರ್ಕ್', ಎರಡೂ 1981ರವು, ಗೆದ್ದ ಮೇಲೆ ಪ್ರಳಯದ ಸಿನಿಮಾಗಳು. 'ರ‍್ಯಾಂಬೊ' ಗೆದ್ದ ಮೇಲೆ ಫಿಲಿಪೀನ್ಸ್ ಕಾಡಿನಲ್ಲಿ ತೆಗೆದ ವಿಯೆಟ್ನಾಂ ಯುದ್ಧಗಳು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಹೆಸರುಗಳ ನಾಟಕ. ಇಟಲಿಯ ಸಿನಿಮಾ ಅಂದರೆ ಹೊರದೇಶದಲ್ಲಿ, ಕೆಲವೊಮ್ಮೆ ಅವರ ದೇಶದಲ್ಲೇ, ಜನ ಬರುವುದಿಲ್ಲ ಎಂಬ ಭಯ. ಹಾಗಾಗಿ ಟೈಟಲ್ ಕಾರ್ಡಿನಲ್ಲಿ ಎಲ್ಲರೂ ಅಮೆರಿಕದವರು. ಲಿಯೋನೆ ಮೊದಲ ವೆಸ್ಟರ್ನ್‌ಗೆ ಹಾಕಿಕೊಂಡ ಹೆಸರು ಬಾಬ್ ರಾಬರ್ಟ್‌ಸನ್. ಆಂಟೋನಿಯೊ ಮಾರ್ಗರೀಟಿ ಆಂಥೊನಿ ಡಾಸನ್ ಆದರು. ಸೆರ್ಜಿಯೊ ಮಾರ್ಟಿನೊ ಮಾರ್ಟಿನ್ ಡೋಲ್ಮನ್ ಆದರು. ಬ್ರೂನೊ ಮಟ್ಟೈ ವಿನ್ಸೆಂಟ್ ಡಾನ್ ಆದರು. ಟೆರೆನ್ಸ್ ಹಿಲ್ ಅವರ ನಿಜವಾದ ಹೆಸರು ಮಾರಿಯೊ ಜಿರೊಟ್ಟಿ. ಅವರ ಜೋಡಿ ಗಡ್ಡದ ಬಡ್ ಸ್ಪೆನ್ಸರ್, ಕಾರ್ಲೊ ಪೆದೆರ್ಸೋಲಿ ಎಂಬ ಹೆಸರಿನಲ್ಲಿ 1952 ಮತ್ತು 1956ರ ಒಲಿಂಪಿಕ್ಸ್‌ನಲ್ಲಿ ಇಟಲಿ ಪರ ಈಜಿದ್ದವರು.

ಈ ವೇಷ ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತು ಅಂತ ನನಗೆ ಗೊತ್ತಾಗಿದ್ದು ಅಪ್ಪನಿಂದ. ಒಮ್ಮೆ ಮನೆಗೆ ಬಂದಿದ್ದಾಗ ನಾನು ಟೆರೆನ್ಸ್ ಹಿಲ್‌ನ 'ದೇ ಕಾಲ್ ಮಿ ಟ್ರಿನಿಟಿ' ಹಾಕಿದ್ದೆ. "ಲೇ, ಇದನ್ನ ನಾನು ಮೈಸೂರಲ್ಲಿ ಓದೋವಾಗ ಎರಡು ಸಲ ನೋಡಿದೀನಿ ಕಣೋ! ಆ ದಪ್ಪಗಿರೋನು ಮೇಲಿಂದ ತಲೆಗೆ ಗುದ್ದೋನು" ಅಂದರು. ಇದು ಇಟಲಿಯವರದ್ದು ಅಪ್ಪಾ ಅಂದರೆ ನಂಬಲೇ ಇಲ್ಲ. "ಎಲ್ಲ ಇಂಗ್ಲಿಷಲ್ಲೇ ಮಾತಾಡ್ತಿದ್ರಲ್ಲೋ!" ಅವರ ಪಾಲಿಗೆ ಅದು ಐವತ್ತು ವರ್ಷದಿಂದ 'ಇಂಗ್ಲಿಷ್ ಪಿಚ್ಚರ್'. ರೋಮಿನಲ್ಲಿ ಹಾಕಿದ ವೇಷ ಮೈಸೂರಿನ ಥಿಯೇಟರಿನವರೆಗೂ ಕಳಚಿರಲಿಲ್ಲ.

ಆ ಇಂಗ್ಲಿಷಿನ ಗುಟ್ಟು ಡಬ್ಬಿಂಗ್. ಇಟಲಿಯಲ್ಲಿ ಬಹುಕಾಲ ಶೂಟಿಂಗ್ ಸ್ಥಳದಲ್ಲಿ ಧ್ವನಿ ಮುದ್ರಿಸುತ್ತಿರಲಿಲ್ಲ. ಒಂದೇ ದೃಶ್ಯದಲ್ಲಿ ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಇಟಾಲಿಯನ್, ಮತ್ತೊಬ್ಬರು ಜರ್ಮನ್ ಮಾತಾಡಿದರೂ ನಡೆಯುತ್ತಿತ್ತು. ಆಮೇಲೆ ಸ್ಟುಡಿಯೋದಲ್ಲಿ ಎಲ್ಲರಿಗೂ ಬೇಕಾದ ಭಾಷೆಯಲ್ಲಿ ಧ್ವನಿ ತುಂಬುವುದು. ಇದರಿಂದ ಕೆಲಸ ಬೇಗ ಆಗುತ್ತಿತ್ತು, ಯಾವ ದೇಶಕ್ಕೆ ಬೇಕಾದರೂ ಮಾರಬಹುದಿತ್ತು. ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳ ಕೇಳಿಕೊಂಡೇ ಬೆಳೆದ ಕನ್ನಡದವನಾದ ನನಗೆ, ಅಸಲಿ ಭಾಷೆ ಅಂತಲೇ ಒಂದಿಲ್ಲದ ಸಿನಿಮಾ ನೋಡೋದು ವಿಚಿತ್ರ ಅನುಭವ. ಇಟಾಲಿಯನ್‌ನಲ್ಲಿ ನೋಡಿದರೂ ತುಟಿ ಕೂಡೋದಿಲ್ಲ, ಇಂಗ್ಲಿಷಲ್ಲಿ ನೋಡಿದರೂ ಕೂಡೋದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅದರ ಕಡೆ ಗಮನವೇ ಹೋಗುವುದಿಲ್ಲ.

ಈ ಓಟಕ್ಕೆಲ್ಲ ಹಿಂದೆ ಒಂದು ದೊಡ್ಡ ಕುಸಿತದ ಕಥೆಯಿದೆ. 1955ರಲ್ಲಿ ಇಟಲಿಯ ಥಿಯೇಟರುಗಳಲ್ಲಿ ಸುಮಾರು 82 ಕೋಟಿ ಟಿಕೆಟ್ ಮಾರಾಟವಾಗಿದ್ದವು. 1985ರ ಹೊತ್ತಿಗೆ ಅದು ಸುಮಾರು 12 ಕೋಟಿಗೆ ಬಂತು. 1976ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಸ್ಥಳೀಯ ಮಟ್ಟದಲ್ಲಿ ಖಾಸಗಿ ಟಿವಿಗೆ ದಾರಿ ಬಿಟ್ಟಿತು. ಮನೆಯಲ್ಲೇ ದಿನವಿಡೀ ಸಿನಿಮಾ ಸಿಗತೊಡಗಿದ ಮೇಲೆ ಬೀದಿ ಬೀದಿಯ ಸಣ್ಣ ಥಿಯೇಟರುಗಳು ಒಂದೊಂದಾಗಿ ಮುಚ್ಚಿದವು. ನಿರ್ಮಾಪಕರಿಗೆ ಆಗ ಸಿಕ್ಕಿದ ಆಸರೆ ವಿಡಿಯೋ ಕ್ಯಾಸೆಟ್. ಅಮೆರಿಕ, ಇಂಗ್ಲೆಂಡ್, ಜರ್ಮನಿ, ಜಪಾನ್, ಎಲ್ಲ ಕಡೆ ವಿಡಿಯೋ ಅಂಗಡಿಗಳು ತೆರೆಯುತ್ತಿದ್ದವು, ಅವುಗಳ ಕಪಾಟು ತುಂಬಲು ಹಾಲಿವುಡ್ ಒಂದೇ ಸಾಕಾಗುತ್ತಿರಲಿಲ್ಲ. ಮಿಲಾನ್‌ನಲ್ಲಿ 'ಮಿಫೆಡ್' ಅಂತ ಸಿನಿಮಾ ಸಂತೆ ನಡೆಯುತ್ತಿತ್ತು. ಅಲ್ಲಿ ಒಂದು ಜೋರಾದ ಪೋಸ್ಟರ್, ಒಬ್ಬ ಹಳೆಯ ಹಾಲಿವುಡ್ ನಟನ ಹೆಸರು ತೋರಿಸಿ, ಇನ್ನೂ ಶೂಟಿಂಗ್ ಶುರುವಾಗದ ಸಿನಿಮಾವನ್ನೂ ಮಾರುತ್ತಿದ್ದರು. ಆ ಪೋಸ್ಟರ್ ಬರೆಯುತ್ತಿದ್ದ ಎಂಜೊ ಶೋಟ್ಟಿಯಂಥ ಕಲಾವಿದರ ಕೈಚಳಕ ಎಷ್ಟು ಅಂದರೆ, ಎಷ್ಟೋ ಸಿನಿಮಾಗಳಲ್ಲಿ ನೋಡಲು ಸಿಗುವುದಕ್ಕಿಂತ ಹೆಚ್ಚು ಬೆಂಕಿ ಡಬ್ಬದ ಮೇಲೇ ಇರುತ್ತಿತ್ತು.

ಈಗ ಹೆಂಡತಿಯ ಪ್ರಶ್ನೆಗೆ ಉತ್ತರ. ನಾನು ಓದಿದ್ದು ಎಂಜಿನಿಯರಿಂಗ್. ಕಡಿಮೆ ಸಾಮಾನು, ಕಡಿಮೆ ದಿನ, ತಪ್ಪಿಸಲಾಗದ ಗಡುವು, ಇಷ್ಟರಲ್ಲಿ ಕೆಲಸ ಮುಗಿಸಿದವರನ್ನು ಕಂಡರೆ ನನಗೆ ಕೈ ಮುಗಿಯೋಣ ಅನ್ನಿಸುತ್ತೆ. ಈ ಸಿನಿಮಾಗಳಲ್ಲಿ ಆ ಕೆಲಸ ಕಣ್ಣಿಗೆ ಕಾಣುತ್ತದೆ. ದೊಡ್ಡ ಬಜೆಟ್ಟಿನಲ್ಲಿ ಅದನ್ನು ಮುಚ್ಚಿಬಿಡುತ್ತಾರೆ.

ಉದಾಹರಣೆಗೆ ಟೆಕ್ನಿಸ್ಕೋಪ್. ಅಗಲ ಪರದೆಯ ಸಿನಿಮಾ ತೆಗೆಯಲು ವಿಶೇಷ ಲೆನ್ಸು ಬೇಕು, ದುಬಾರಿ. ಇಟಲಿಯಲ್ಲಿದ್ದ ಟೆಕ್ನಿಕಲರ್ ಲ್ಯಾಬಿನವರು 1960ರ ಸುಮಾರಿಗೆ ಒಂದು ಉಪಾಯ ಮಾಡಿದರು. ಮಾಮೂಲಿ ಫಿಲಂನಲ್ಲಿ ಒಂದು ಚಿತ್ರ ನಾಲ್ಕು ತೂತುಗಳಷ್ಟು ಎತ್ತರ ಇರುತ್ತೆ. ಅದನ್ನು ಎರಡು ತೂತಿಗೆ ಇಳಿಸಿದರೆ ಚೌಕಟ್ಟು ತಾನಾಗಿಯೇ ಅಗಲವಾಯಿತು, ಫಿಲಂ ಖರ್ಚು ಅರ್ಧ ಆಯಿತು. ಚಿತ್ರ ಸ್ವಲ್ಪ ಒರಟಾಗಿ ಕಾಣುತ್ತದೆ ಅಷ್ಟೇ. ಲಿಯೋನೆಯ ಡಾಲರ್ ಸಿನಿಮಾಗಳು ಮೂರೂ ತೆಗೆದದ್ದು ಹೀಗೆಯೇ. ಆ ಒರಟುತನವನ್ನೇ ಈಗ ನಾವು ಅದರ ಸೌಂದರ್ಯ ಅಂತೀವಿ.

ಮಾರ್ಗರೀಟಿ ಅವರದ್ದು ಪುಟ್ಟ ಮಾದರಿಗಳ ಲೋಕ. ಅವರ 'ಕೋಡ್ ನೇಮ್: ವೈಲ್ಡ್ ಗೀಸ್' (1984) ಸಿನಿಮಾದಲ್ಲಿ ಒಂದು ಕಾರು ಸುರಂಗದೊಳಗೆ ಓಡುತ್ತಾ ಗೋಡೆ ಹತ್ತಿ, ಗೋಡೆಯ ಮೇಲೇ ಸಾಗಿ ಮುಂದಿನವರನ್ನು ದಾಟುತ್ತೆ. ಅದು ಆಟಿಕೆಯಂಥ ಪುಟ್ಟ ಕಾರು ಅಂತ ಮೊದಲ ಸಲ ನೋಡಿದವರಿಗೂ ಗೊತ್ತಾಗುತ್ತೆ. ಗೊತ್ತಾದರೂ ನನಗೆ ಪ್ರತಿ ಸಲ ಖುಷಿ ಆಗುತ್ತೆ. ಯಾರೋ ಒಬ್ಬರು ಬೆಂಚಿನ ಮೇಲೆ ಸುರಂಗ ಕಟ್ಟಿ, ದೀಪ ಹೊಂದಿಸಿ, ಬಗ್ಗಿ ಕೂತು ಅದನ್ನು ಓಡಿಸಿದ್ದಾರೆ. ಹಾಗೇ ಕಾಸ್ಟೆಲ್ಲಾರಿಯ 'ದಿ ಬಿಗ್ ರಾಕೆಟ್' (1976) ಸಿನಿಮಾದಲ್ಲಿ ಪೊಲೀಸ್ ಅಧಿಕಾರಿಯ ಕಾರು ಗುಡ್ಡದಿಂದ ಉರುಳುವಾಗ ಕ್ಯಾಮೆರಾ ಕಾರಿನೊಳಗೇ ಇರುತ್ತದೆ, ಒಡೆದ ಗಾಜು ನಟನ ಮುಖದ ಸುತ್ತ ತೇಲುತ್ತದೆ. ಇವತ್ತು ಕಂಪ್ಯೂಟರಿನಲ್ಲಿ ಮಾಡಿದ ನೂರು ಕಾರು ಉರುಳಿದರೂ ನನ್ನ ಹೊಟ್ಟೆಯಲ್ಲಿ ಆ ಥರ ಸಂಕಟ ಆಗುವುದಿಲ್ಲ.

"ಆದ್ರೂ ಕಾಪಿ ಕಾಪಿನೇ ಅಲ್ವಾ?" ಅಂತ ನೀವು ಕೇಳಬಹುದು. ಕಾಪಿಯೇ, ಸಂಶಯ ಬೇಡ. ಲಿಯೋನೆಯ ಆ ವೆಸ್ಟರ್ನ್ ಕುರೊಸಾವಾರ 'ಯೋಜಿಂಬೊ' ಚಿತ್ರದಿಂದ ಅನುಮತಿಯಿಲ್ಲದೆ ಎತ್ತಿದ್ದು, ಆಮೇಲೆ ಪರಿಹಾರ ಕೊಟ್ಟು ಬಗೆಹರಿಸಿಕೊಂಡರು. ಕಾಸ್ಟೆಲ್ಲಾರಿಯ ಶಾರ್ಕ್ ಸಿನಿಮಾ 'ಗ್ರೇಟ್ ವೈಟ್' ಮೇಲೆ ಯೂನಿವರ್ಸಲ್ ಕಂಪನಿ ಕೇಸು ಹಾಕಿ 1982ರಲ್ಲಿ ಅಮೆರಿಕದ ಥಿಯೇಟರುಗಳಿಂದ ತೆಗೆಸಿತು. ಮಟ್ಟೈ ಅವರಂತೂ 'ಏಲಿಯನ್ಸ್' ಕಥೆಯನ್ನು ವೆನಿಸ್ ನಗರಕ್ಕೆ ತಂದು, ಅದಕ್ಕೊಬ್ಬ ಟರ್ಮಿನೇಟರ್‌ನನ್ನು ಸೇರಿಸಿ, ಇಟಲಿಯಲ್ಲಿ 'ಟರ್ಮಿನೇಟರ್ 2' ಅಂತಲೇ ಹೆಸರಿಟ್ಟರು, ಅದೂ ಜೇಮ್ಸ್ ಕ್ಯಾಮರೂನ್ ತಮ್ಮದನ್ನು ಬಿಡುಗಡೆ ಮಾಡುವ ಮೊದಲೇ! ಆದರೆ ಕಾಪಿ ಹೊಡೆಯುವಾಗಲೂ ಮನುಷ್ಯನ ಕೈ ಸುಮ್ಮನಿರೋದಿಲ್ಲ. '1990: ದಿ ಬ್ರಾಂಕ್ಸ್ ವಾರಿಯರ್ಸ್' (1982) ಸಿನಿಮಾದಲ್ಲಿ ನದಿ ದಂಡೆಯಲ್ಲಿ ಎರಡು ಗ್ಯಾಂಗುಗಳು ಎದುರಾಗುವಾಗ ಪಕ್ಕದಲ್ಲಿ ಒಬ್ಬ ಡ್ರಮ್ಸ್ ಬಾರಿಸುತ್ತಾ ಕೂತಿರುತ್ತಾನೆ. ಯಾರವನು, ಯಾಕೆ ಬಾರಿಸುತ್ತಿದ್ದಾನೆ, ಒಬ್ಬರೂ ಹೇಳುವುದಿಲ್ಲ. ಆ ದೃಶ್ಯ ಯಾವ ಹಾಲಿವುಡ್ ಸಿನಿಮಾದಿಂದಲೂ ಬಂದದ್ದಲ್ಲ. ಅದರ ಎರಡನೇ ಭಾಗ 'ಎಸ್ಕೇಪ್ ಫ್ರಮ್ ದಿ ಬ್ರಾಂಕ್ಸ್' (1983) ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಖಳನಾಯಕ ಅಂದರೆ ಒಂದು ಬಿಲ್ಡರ್ ಕಂಪನಿ. ಹೊಸ ನಗರ ಕಟ್ಟಬೇಕು, ಅದಕ್ಕೆ ಬಡವರನ್ನು ಎಬ್ಬಿಸಬೇಕು. ಒಳ್ಳೇ ಮನೆ ಕೊಡ್ತೀವಿ ಬನ್ನಿ ಅಂತ ಮೈಕಿನಲ್ಲಿ ಕರೆಯುತ್ತಾರೆ, ಹೋಗದವರ ಮೇಲೆ ಬೆಂಕಿ ಉಗುಳುವ ಪಡೆ ಬಿಡುತ್ತಾರೆ. ಸಿನಿಮಾದಲ್ಲಿ ಕಾಣುವ ಬ್ರಾಂಕ್ಸಿನ ಪಾಳು ಕಟ್ಟಡಗಳು ಸೆಟ್ ಅಲ್ಲ. 70ರ ದಶಕದ ಬೆಂಕಿ ಮತ್ತು ಬಡತನದಲ್ಲಿ ನಿಜವಾಗಿ ಹಾಳಾದ, ಜನ ವಾಸವಿದ್ದ ಮನೆಗಳು. ಪುಕ್ಕಟೆ ಸಿಕ್ಕ ಹಿನ್ನೆಲೆ ಅಂತ ಅಲ್ಲಿಗೆ ಹೋದವರು ಆ ಊರಿನ ನೋವನ್ನೂ ಫಿಲಂನಲ್ಲಿ ಹಿಡಿದುಕೊಂಡು ಬಂದರು.

ಇವನ್ನು ಗುಂಪಾಗಿ ಕೂತು ನಗಲಿಕ್ಕೆಂದೇ ನೋಡುವವರೂ ಇದ್ದಾರೆ. ನಾವು ಸ್ನೇಹಿತರೂ ನಕ್ಕಿದ್ದೀವಿ, ಹೊಟ್ಟೆ ಹುಣ್ಣಾಗುವಷ್ಟು. ಮಟ್ಟೈ ಅವರ 'ಸ್ಟ್ರೈಕ್ ಕಮಾಂಡೊ' (1987) ಸಿನಿಮಾದಲ್ಲಿ ಒಂದು ದೃಶ್ಯವಿದೆ. ಸಾಯುತ್ತಿರುವ ಪುಟ್ಟ ವಿಯೆಟ್ನಾಂ ಹುಡುಗ ಡಿಸ್ನಿಲ್ಯಾಂಡ್ ಬಗ್ಗೆ ಹೇಳು ಅಂತಾನೆ, ಕಟ್ಟುಮಸ್ತಾದ ನಾಯಕ ಅಳುತ್ತಾ ಅಲ್ಲಿ ಮರದಲ್ಲೇ ಪಾಪ್‌ಕಾರ್ನ್ ಬಿಡುತ್ತೆ ಅಂತ ವರ್ಣಿಸುತ್ತಾನೆ. ನಟನೆ ಹೇಗಿದೆ ಅಂತ ಕೇಳಬೇಡಿ. ಆದರೆ ಎರಡನೇ ಸಲ ಒಬ್ಬನೇ ನೋಡಿದಾಗ ನನಗೆ ನಗು ಬರಲಿಲ್ಲ. ಬಾಂಬ್ ಹಾಕಲು ಬಂದ ದೇಶ ಸಾಯುವ ಮಗುವಿಗೆ ಕೊಡುವುದು ಪಾಪ್‌ಕಾರ್ನಿನ ಕಥೆ. ಮಾಡಿದವರು ಅಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ದೃಶ್ಯದಲ್ಲಿ ಅದು ಇದೆ.

ಹೊಗಳಿದ್ದು ಸಾಕು, ಬೆಲೆಯ ಮಾತನ್ನೂ ಆಡಬೇಕು. ಅಗ್ಗವಾಗಿ ತೆಗೆದ ಸಾಹಸಕ್ಕೆ ಯಾರೋ ಒಬ್ಬರು ಮೈಯೊಡ್ಡಿರುತ್ತಾರೆ. ರುಜ್ಜೆರೊ ಡಿಯೊಡಾಟೊ ಅವರ 'ಲಿವ್ ಲೈಕ್ ಎ ಕಾಪ್, ಡೈ ಲೈಕ್ ಎ ಮ್ಯಾನ್' (1976) ಶುರುವಾಗೋದೇ ರೋಮಿನ ಬೀದಿಗಳಲ್ಲಿ ನಡೆಯುವ ಉದ್ದನೆಯ ಬೈಕ್ ಚೇಸಿನಿಂದ. ಅನುಮತಿ ಪಡೆಯದೇ ತೆಗೆದದ್ದು ಅಂತ ನಿರ್ದೇಶಕರೇ ಹೇಳಿಕೊಂಡಿದ್ದಾರೆ. ಅಂದರೆ ಪಕ್ಕಕ್ಕೆ ಜಿಗಿಯುವ ಜನರಲ್ಲಿ ಯಾರು ನಟರು, ಯಾರು ತರಕಾರಿ ತರಲು ಹೊರಟವರು, ಹೇಳಲಾಗದು. ಇದೇ ನಿರ್ದೇಶಕರು, 1980ರಲ್ಲಿ ಬಿಡುಗಡೆಯಾದ ತಮ್ಮ ಕಾಡಿನ ಸಿನಿಮಾದಲ್ಲಿ ಪ್ರಾಣಿಗಳನ್ನು ಕ್ಯಾಮೆರಾ ಮುಂದೆ ನಿಜವಾಗಿ ಕೊಂದರು. ಅಂಥವು ನನ್ನ ಕಪಾಟಿಗೆ ಬರೋದಿಲ್ಲ. ಹಾಗಂತ ದುಡ್ಡಿದ್ದರೆ ಸುರಕ್ಷಿತ ಅಂತಲೂ ಇಲ್ಲ. ಬ್ರಾಂಕ್ಸ್ ವಾರಿಯರ್ಸ್‌ನಲ್ಲಿ ಖಳನಾಗಿ ನಟಿಸಿದ ವಿಕ್ ಮಾರೊ ಈ ಬಡ ಇಟಲಿಯವರ ಸೆಟ್ಟಿನಿಂದ ಸುಖವಾಗಿ ಮನೆಗೆ ಹೋದರು. 1982ರ ಜುಲೈನಲ್ಲಿ, ಹಾಲಿವುಡ್ಡಿನ ದೊಡ್ಡ ಸಂಸ್ಥೆಯೊಂದರ 'ಟ್ವಿಲೈಟ್ ಝೋನ್' ಶೂಟಿಂಗಿನಲ್ಲಿ ಹೆಲಿಕಾಪ್ಟರ್ ಮೇಲೆ ಬಿದ್ದು ಸತ್ತರು. ಅವರ ಜೊತೆ ಇಬ್ಬರು ಮಕ್ಕಳೂ ಸತ್ತರು. ಆ ಮಕ್ಕಳನ್ನು ಕಾನೂನು ಮೀರಿ ರಾತ್ರಿ ಕೆಲಸಕ್ಕೆ ಕರೆಸಿದ್ದರು. ಇದನ್ನು ಓದಿದ ಮೇಲೆ ಯಾವ ಸ್ಫೋಟ ನೋಡಿದರೂ, ಅದರ ಪಕ್ಕದಲ್ಲಿ ಓಡುತ್ತಿರುವವರು ಆಮೇಲೆ ಮನೆ ಸೇರಿದರಾ ಅಂತ ಯೋಚನೆ ಬರುತ್ತೆ.

ಈ ಸಿನಿಮಾಗಳು ಉಳಿದದ್ದು ಹೋಮ್ ವಿಡಿಯೋದಿಂದಲೇ. ಆದರೆ ಕ್ಯಾಸೆಟ್ ಅವುಗಳನ್ನು ಅರೆಜೀವ ಮಾಡಿಯೇ ಉಳಿಸಿತ್ತು. ಅಗಲ ಪರದೆಯ ಚಿತ್ರವನ್ನು ಹಳೇ ಚೌಕ ಟಿವಿಗೆ ಹೊಂದಿಸಲು ಎರಡೂ ಬದಿ ಕತ್ತರಿಸುತ್ತಿದ್ದರು. ಲೆಕ್ಕ ಹಾಕಿದರೆ ನೂರರಲ್ಲಿ 40 ಭಾಗಕ್ಕೂ ಹೆಚ್ಚು ಚಿತ್ರ ಹೋಯಿತು! ಇಬ್ಬರು ಎದುರುಬದುರು ನಿಂತಿದ್ದರೆ ತೆರೆಯ ಮೇಲೆ ಎರಡು ಮೂಗು ಮಾತ್ರ. ಕಳೆದ ಕೆಲವು ವರ್ಷಗಳಲ್ಲಿ ಬ್ಲೂ ಅಂಡರ್‌ಗ್ರೌಂಡ್, ಸೆವೆರಿನ್ ಥರದ ಸಣ್ಣ ಕಂಪನಿಗಳು ಇವುಗಳ ಹಳೇ ಫಿಲಂ ಹುಡುಕಿ, ಸ್ಕ್ಯಾನ್ ಮಾಡಿ, ಬ್ಲೂ-ರೇ ತರುತ್ತಿವೆ. ನಮ್ಮ ದೇಶ ಬ್ಲೂ-ರೇ ಲೆಕ್ಕದಲ್ಲಿ 'ಸಿ' ವಲಯ, ಅಮೆರಿಕ 'ಎ' ವಲಯ. ಹಾಗಾಗಿ ಎಲ್ಲ ವಲಯದ ಡಿಸ್ಕ್ ಓಡಿಸುವ ಪ್ಲೇಯರನ್ನೇ ತರಿಸಬೇಕಾಯಿತು. ಅದರ ಬೆಲೆ ಮನೆಯಲ್ಲಿ ಇನ್ನೂ ಚರ್ಚೆಯ ವಿಷಯ.

ಆ ಡಿಸ್ಕುಗಳಲ್ಲಿ ನಾನು ಸಿನಿಮಾಗಿಂತ ಹೆಚ್ಚು ಸಲ ನೋಡಿರೋದು ಸಂದರ್ಶನಗಳನ್ನು. ರೋಮಿನ ಯಾವುದೋ ಮನೆಯಲ್ಲಿ ವಯಸ್ಸಾದ ನಿರ್ದೇಶಕ, ಸ್ಟಂಟ್‌ಮನ್, ಕ್ಯಾಮೆರಾದವರು ಕುರ್ಚಿಯಲ್ಲಿ ಕೂತು, ತಮ್ಮ ಭಾಷೆಯಲ್ಲಿ, ತಮ್ಮ ಸ್ವಂತ ಹೆಸರಿನಲ್ಲಿ ಮಾತಾಡುತ್ತಾರೆ. ನಾಲ್ಕು ದಶಕ ಸುಳ್ಳು ಹೆಸರಿನ ಹಿಂದೆ ನಿಂತಿದ್ದವರು. ಈ ಸ್ಫೋಟಕ್ಕೆ ಎಷ್ಟು ಮದ್ದು ಹಾಕಿದ್ವಿ, ಈ ಕಾರನ್ನು ಹೇಗೆ ಬಗ್ಗಿಸಿದ್ವಿ ಅಂತ ಕೈಸನ್ನೆ ಮಾಡಿ ಹೇಳುವಾಗ ಅವರ ಕಣ್ಣು ಹೊಳೆಯುತ್ತೆ. ಮಾರ್ಗರೀಟಿ 2002ರಲ್ಲಿ, ಮಟ್ಟೈ 2007ರಲ್ಲಿ ತೀರಿಕೊಂಡರು. ಎಲ್ಲರಿಗೂ ಈ ಭಾಗ್ಯ ಪೂರ್ತಿ ಸಿಗಲಿಲ್ಲ.

ನಾನು ದಿನವೂ ಬರೆಯುವ ಕೋಡಿನಲ್ಲಿಯೂ ನನ್ನ ಹೆಸರು ಹೊರಗಿನವರಿಗೆ ಕಾಣುವುದಿಲ್ಲ. ಯಾವುದೋ ದೇಶದ ಯಾವುದೋ ಕಂಪನಿಯ ಹೆಸರಿನಲ್ಲಿ ಅದು ಓಡುತ್ತದೆ, ನಾಲ್ಕೈದು ವರ್ಷದಲ್ಲಿ ಬದಲಾಗಿ ಅಳಿಸಿಹೋಗುತ್ತದೆ. ಅದರ ಬಗ್ಗೆ ದೂರೇನಿಲ್ಲ, ಸಂಬಳ ಬರುತ್ತೆ. ಆದರೆ ಯಾರೂ ಲೆಕ್ಕಕ್ಕೆ ಇಡದ ಕೆಲಸವನ್ನು ಒಬ್ಬರು ಜೋಪಾನವಾಗಿ ಎತ್ತಿ, ಧೂಳು ಒರೆಸಿ, ಇದನ್ನು ಮಾಡಿದವರು ಇವರು ಅಂತ ಹೇಳೋದನ್ನು ನೋಡಿದಾಗ ನನಗೆ ಮನಸ್ಸು ತುಂಬಿ ಬರುತ್ತೆ. ಆ ಪಟ್ಟಿ ಇನ್ನೂ ಪೂರ್ತಿ ಆಗಿಲ್ಲ ಅನ್ನೋದೂ ನಿಜ. ಫಿಲಿಪೀನ್ಸ್ ಕಾಡಿನಲ್ಲಿ ಒಂದೇ ಸಿನಿಮಾದಲ್ಲಿ ಹತ್ತು ಸಲ ಗುಂಡು ತಿಂದು ಬಿದ್ದ ಎಷ್ಟೋ ಸ್ಥಳೀಯ ಹುಡುಗರ ಹೆಸರು ಯಾವ ಡಿಸ್ಕಿನಲ್ಲೂ ಇಲ್ಲ.

ನೋಡುವ ಮನಸ್ಸಾದರೆ 'ಟ್ರಿನಿಟಿ'ಯಿಂದ ಶುರು ಮಾಡಿ, ಅದನ್ನು ಮನೆಮಂದಿಯೆಲ್ಲ ನೋಡಬಹುದು. ಆಮೇಲೆ 'ದಿ ಬಿಗ್ ರಾಕೆಟ್', 'ಎಸ್ಕೇಪ್ ಫ್ರಮ್ ದಿ ಬ್ರಾಂಕ್ಸ್'. ಇವೆರಡರಲ್ಲೂ ಹಿಂಸೆ ಜಾಸ್ತಿ, ಮಕ್ಕಳು ಮಲಗಿದ ಮೇಲೆ ಹಾಕಿ. ತುಟಿ ಕೂಡದಿದ್ದರೆ ಬೇಜಾರು ಮಾಡ್ಕೋಬೇಡಿ. ಕೊನೆಯಲ್ಲಿ ಹೆಸರುಗಳು ಬರುವಾಗ ಒಂದೆರಡು ನಿಮಿಷ ತಾಳಿ. ಅದರಲ್ಲಿರುವ ಎಷ್ಟೋ ಜಾನ್, ಆಂಥೊನಿ, ವಿನ್ಸೆಂಟ್‌ಗಳು ರೋಮಿನಲ್ಲಿ ಬೇರೆ ಹೆಸರಿನಿಂದ ಮನೆಗೆ ಹೋಗಿ ಊಟ ಮಾಡಿ, ಮರುದಿನ ಬೆಳಗ್ಗೆ ಮತ್ತೆ ಆ ಕ್ವಾರಿಗೇ ಬಂದವರು.